ಸರ್ಕಾರಿ ಆರೋಗ್ಯ ವಿಮೆ: ಬಿಲ್ ಸಲ್ಲಿಸುವ ಹಕ್ಕು ವೈದ್ಯರದೋ, ಆಸ್ಪತ್ರೆಯದೋ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲೂಕು ಕೇಂದ್ರಗಳ ಪೇಟೆಯಲ್ಲಿ ನಡೆದು ಹೋದರೆ ದವಾಖಾನೆಗಳ ಫಲಕಗಳು ಸಾಲುಸಾಲಾಗಿ ಕಾಣುತ್ತವೆ. ವೈದ್ಯರ ಹೆಸರು, ಅದರ ಕೆಳಗೆ ಪದವಿ, ಮತ್ತೂ ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಸಂಖ್ಯೆ. ಸರ್ಕಾರ ಒಪ್ಪಿದ ವೈದ್ಯರೆಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ, ಆದುದರಿಂದ ಸರ್ಕಾರದ ಆರೋಗ್ಯ ಕಾರ್ಡು ಅಲ್ಲಿಯೂ ನಡೆಯುತ್ತದೆ ಎಂದು ನಂಬಿ ಒಳಹೊಕ್ಕವರು ಚಿಕಿತ್ಸೆ ಮುಗಿದ ಮೇಲೆ ಹಣಕ್ಕಾಗಿ ಪರದಾಡುವುದುಂಟು. ಸಂಖ್ಯೆ ಸುಳ್ಳಲ್ಲ, ವೈದ್ಯರೂ ಸುಳ್ಳಲ್ಲ. ಆದರೆ ಆ ಸಂಖ್ಯೆ ಕೊಡುವುದು ಚಿಕಿತ್ಸೆ ಮಾಡುವ ಹಕ್ಕನ್ನು ಮಾತ್ರ. ಸರ್ಕಾರಿ ವಿಮಾ ನಿಧಿಯಿಂದ ಹಣ ಕೇಳುವ ಹಕ್ಕನ್ನಲ್ಲ.

ಕರ್ನಾಟಕದಲ್ಲಿ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಹಣ ಕೇಳುವ ಹಕ್ಕು ಆಸ್ಪತ್ರೆಯದು, ವೈದ್ಯರದಲ್ಲ. ಕ್ಲೇಮು ಸಲ್ಲಿಸುವುದು, ಹಣ ಪಡೆಯುವುದು, ತಪ್ಪಿದಲ್ಲಿ ದಂಡ ತೆರುವುದು ಎಲ್ಲವೂ ಆಸ್ಪತ್ರೆಯೇ. ವೈದ್ಯರ ಸಂಖ್ಯೆ ಆ ಕ್ಲೇಮಿನೊಳಗಿನ ಒಂದು ಕಾಲಂ. ಆದರೆ ಆ ಕಾಲಂ ಖಾಲಿ ಇದ್ದರೆ, ಇಲ್ಲವೇ ತಪ್ಪಿದ್ದರೆ, ಇಡೀ ಕ್ಲೇಮು ಬೀಳುತ್ತದೆ. ಈ ವ್ಯವಸ್ಥೆಯಲ್ಲಿ ಒಂದರ ಮೇಲೊಂದು ಕುಳಿತ ಮೂರು ಸಂಖ್ಯೆಗಳಿವೆ; ಮೂರಕ್ಕೂ ಬೇರೆ ಬೇರೆ ಕಾನೂನಿನ ಆಧಾರ.

ಮೊದಲ ಸಂಖ್ಯೆ: ವೈದ್ಯರದು

ಅಲೋಪಥಿ ವೈದ್ಯರ ನೋಂದಣಿ ಸಂಖ್ಯೆಯನ್ನು ನೀಡುವುದು ಕರ್ನಾಟಕ ವೈದ್ಯಕೀಯ ಪರಿಷತ್ತು. ಅದಕ್ಕೆ ಆಧಾರ 1961ರ ವೈದ್ಯಕೀಯ ನೋಂದಣಿ ಅಧಿನಿಯಮ. ವಿಜಯಪುರ ಜಿಲ್ಲೆಯ ಮಟ್ಟಿಗೆ ಈ ಕಾನೂನಿಗೆ ಹೆಚ್ಚಿನ ಅರ್ಥವಿದೆ. 1956ರ ನವೆಂಬರ್ 1ರವರೆಗೆ ಅಂದಿನ ಬಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಇಲ್ಲಿನ ವೈದ್ಯರು 1912ರ ಮುಂಬೈ ವೈದ್ಯಕೀಯ ಅಧಿನಿಯಮದ ವ್ಯಾಪ್ತಿಯಲ್ಲಿದ್ದರು. ಹಳೆಯ ಮೈಸೂರಿನವರಿಗೆ 1931ರ ಕಾನೂನು, ಮದ್ರಾಸ್ ಭಾಗದವರಿಗೆ 1914ರ ಕಾನೂನು. ಏಕೀಕರಣದ ಬಳಿಕ ಈ ಹಲವು ದಫ್ತರಗಳನ್ನು ಒಂದುಗೂಡಿಸುವ ಕೆಲಸವನ್ನು 1961ರ ಅಧಿನಿಯಮ ಮಾಡಿತು.

ಆಯುರ್ವೇದ, ಯುನಾನಿ, ಸಿದ್ಧ, ಪ್ರಕೃತಿ ಚಿಕಿತ್ಸೆಯವರಿಗೆ ಬೇರೆ ಅಧಿನಿಯಮ, ಬೇರೆ ಮಂಡಳಿ, ಹೋಮಿಯೋಪಥಿಯವರಿಗೆ ಮತ್ತೊಂದು. ಈ ದಫ್ತರಗಳ ನಡುವಿನ ಗೆರೆ ಬರಿಯ ಆಡಳಿತದ ಗೆರೆಯಲ್ಲ. ಹೋಮಿಯೋಪಥಿ ದಫ್ತರದಲ್ಲಿ ಹೆಸರಿದ್ದವರು ಅಲೋಪಥಿ ಔಷಧ ಕೊಟ್ಟು ರೋಗಿ ಮೃತಪಟ್ಟ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ಅಂಥ ಚಿಕಿತ್ಸೆಯೇ ನಿರ್ಲಕ್ಷ್ಯವೆಂದು ತೀರ್ಪಿತ್ತು ಪರಿಹಾರ ಕೊಡಿಸಿತು. ಪೂನಂ ವರ್ಮಾ ಪ್ರಕರಣವೆಂದು ಅದು ಪ್ರಸಿದ್ಧ. ವೈದ್ಯರ ಬಳಿ ಸಂಖ್ಯೆ ಇದೆಯೇ ಎಂಬುದಷ್ಟೇ ಪ್ರಶ್ನೆಯಲ್ಲ, ಯಾವ ದಫ್ತರದ ಸಂಖ್ಯೆ ಎಂಬುದೂ ಪ್ರಶ್ನೆ.

ಈ ಸಂಖ್ಯೆಯನ್ನು ಮರೆಯಲ್ಲಿಡುವಂತಿಲ್ಲ. 2002ರ ವೈದ್ಯರ ವೃತ್ತಿ ನಡವಳಿಕೆ ನಿಯಮಾವಳಿಯ ಪ್ರಕಾರ ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ದವಾಖಾನೆಯಲ್ಲಿ ಕಾಣುವಂತೆ ಹಾಕಬೇಕು. ಔಷಧ ಚೀಟಿ, ಪ್ರಮಾಣಪತ್ರ ಹಾಗೂ ಹಣ ಪಡೆದ ರಸೀದಿಗಳಲ್ಲಿಯೂ ನಮೂದಿಸಬೇಕು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಡವಳಿಕೆ ನಿಯಮಗಳನ್ನು ಹೊರಡಿಸಿತಾದರೂ ವಿರೋಧ ಬಂದೊಡನೆ ಅದೇ ತಿಂಗಳು ಅವನ್ನು ತಡೆಹಿಡಿದು, 2002ರ ನಿಯಮಗಳನ್ನೇ ಮುಂದುವರಿಸಿತು. ರಸೀದಿಯಲ್ಲಿ ಸಂಖ್ಯೆ ಬರೆಯಬೇಕೆಂಬ ನಿಯಮ ಪಾಲನೆಗಿಂತ ಉಲ್ಲಂಘನೆಯಲ್ಲೇ ಹೆಚ್ಚು ಪರಿಚಿತ. ರಸೀದಿಯನ್ನೇ ಕೊಡದಿದ್ದರೆ ಸಂಖ್ಯೆಯ ಮಾತೆಲ್ಲಿ?

ನೋಂದಣಿಯಿಲ್ಲದೆ ವೈದ್ಯ ವೃತ್ತಿ ನಡೆಸಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಧಿನಿಯಮದ 34ನೇ ಪ್ರಕರಣದಡಿ ಒಂದು ವರ್ಷದವರೆಗೆ ಸೆರೆವಾಸ, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಈ ಅಧಿನಿಯಮ ರಾಜ್ಯ ದಫ್ತರಗಳ ಮೇಲೆ ಒಂದು ರಾಷ್ಟ್ರೀಯ ದಫ್ತರವನ್ನೂ ಕಲ್ಪಿಸಿತು. ಅದಕ್ಕೆ ಹೊಂದಿಕೊಂಡ ಜಾಲತಾಣ 2024ರ ಆಗಸ್ಟ್‌ನಲ್ಲಿ ಆರಂಭಗೊಂಡಿತು. ಗಡಿ ಭಾಗಕ್ಕೆ ಇದು ಮುಖ್ಯ. ಇಂಡಿಯಿಂದ ಬೇರ್ಪಟ್ಟು ಈಗ ಪ್ರತ್ಯೇಕ ತಾಲೂಕಾಗಿರುವ ಚಡಚಣದ ಆಚೆ ಬದಿಗೆ ಸೊಲ್ಲಾಪುರ ಜಿಲ್ಲೆ. 2023ರ ನೋಂದಣಿ ನಿಯಮಗಳಂತೆ ಒಂದು ರಾಜ್ಯದ ವೈದ್ಯರು ಮತ್ತೊಂದು ರಾಜ್ಯದಲ್ಲಿ ವೃತ್ತಿ ನಡೆಸಬಯಸಿದರೆ ಆ ರಾಜ್ಯದ ಪರಿಷತ್ತಿಗೂ ಅರ್ಜಿ ಹಾಕಿ ಪರವಾನಗಿ ಪಡೆಯಬೇಕು.

ಇನ್ನೂ ಇಂಟರ್ನ್‌ಶಿಪ್ ಮುಗಿಸದವರಿಗೆ ದೊರೆಯುವುದು ತಾತ್ಕಾಲಿಕ ನೋಂದಣಿ. ತರಬೇತಿಯ ಅವಧಿ ಮೀರಿ ಅದಕ್ಕೆ ಬೆಲೆಯಿಲ್ಲ. ಕಾಯಂ ನೋಂದಣಿಯನ್ನು ಸಹ ಕರ್ನಾಟಕದಲ್ಲಿ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಹೆಸರು ದಫ್ತರದಲ್ಲಿದೆಯೇ ಎಂಬುದನ್ನು ಪರಿಷತ್ತಿನ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು.

ಎರಡನೆಯದು: ಕಟ್ಟಡದ ಸಂಖ್ಯೆ

ವೈದ್ಯರಿಗೆ ನೋಂದಣಿ ಇದ್ದ ಮಾತ್ರಕ್ಕೆ ಅವರು ದವಾಖಾನೆ ತೆರೆಯುವಂತಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಂತೆ ಒಂದೇ ಕೋಣೆಯ ದವಾಖಾನೆಯಿಂದ ಹಿಡಿದು ನೂರಾರು ಹಾಸಿಗೆಗಳ ಆಸ್ಪತ್ರೆಯವರೆಗೆ, ಪ್ರಯೋಗಾಲಯವನ್ನೂ ಒಳಗೊಂಡು, ಪ್ರತಿಯೊಂದೂ ನೋಂದಣಿ ಪಡೆಯಬೇಕು. ಜನರ ಬಾಯಲ್ಲಿ ಇದು ‘ಕೆಪಿಎಂಇ’. ಜಿಲ್ಲಾ ಮಟ್ಟದ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ‘ಕುಂದುಕೊರತೆ’ ಎಂಬ ಪದ ಆ ಹೆಸರಿಗೆ ಸೇರಿದ್ದು ತಿದ್ದುಪಡಿಯಿಂದ. 2017ರ ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ಆ ತಿದ್ದುಪಡಿಯ ವಿರುದ್ಧವೇ. ಮೊದಲ ಕರಡಿನ ಬಿಗಿ ಸಡಿಲಗೊಂಡರೂ ದರಪಟ್ಟಿ ಪ್ರದರ್ಶನ, ರೋಗಿಗಳ ಹಕ್ಕುಗಳ ಸನ್ನದು ಮುಂತಾದವು ಕಾನೂನಿನಲ್ಲಿ ಉಳಿದುಕೊಂಡವು.

2024ರಲ್ಲಿ ಸರ್ಕಾರ ಫಲಕದ ಬಣ್ಣವನ್ನೂ ಗೊತ್ತುಪಡಿಸಿತು. ಅಲೋಪಥಿ ಸಂಸ್ಥೆಗಳಿಗೆ ನೀಲಿ, ಆಯುರ್ವೇದಕ್ಕೆ ಹಸಿರು. ಫಲಕದಲ್ಲಿ ಸಂಸ್ಥೆಯ ಹೆಸರು, ಮಾಲೀಕರ ಹೆಸರು ಹಾಗೂ ಕೆಪಿಎಂಇ ನೋಂದಣಿ ಸಂಖ್ಯೆ ಇರಬೇಕು. ಓದು ಬಾರದವರೂ ದೂರದಿಂದಲೇ ಗುರುತಿಸಲಿ ಎಂಬ ಬಣ್ಣದ ಆಲೋಚನೆ ಮೆಚ್ಚತಕ್ಕದ್ದು. ಆದರೆ ನೀಲಿ ಫಲಕವೂ ಉಚಿತ ಚಿಕಿತ್ಸೆಯ ಗುರುತಲ್ಲ.

ಮೂರನೆಯದು: ಯೋಜನೆಯ ಸಂಖ್ಯೆ

ಹಣದ ಬಾಗಿಲು ತೆರೆಯುವುದು ಮೂರನೆಯ ಸಂಖ್ಯೆ. ಯೋಜನೆಯೊಂದಿಗೆ ಒಪ್ಪಂದ ಮಾಡಿಕೊಂಡ ಆಸ್ಪತ್ರೆಯನ್ನು ಈ ಭಾಗದಲ್ಲಿ ‘ನೆಟ್‌ವರ್ಕ್ ಆಸ್ಪತ್ರೆ’ ಎನ್ನುತ್ತಾರೆ. ಆ ಮಾತು ಬಳಕೆಗೆ ಬಂದದ್ದು ಯಶಸ್ವಿನಿ ಹಾಗೂ ವಾಜಪೇಯಿ ಆರೋಗ್ಯಶ್ರೀ ಕಾಲದಲ್ಲಿ. ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಆರಂಭವಾದುದು 2003ರಲ್ಲಿ. ಬಿಪಿಎಲ್ ಕುಟುಂಬಗಳಿಗಾಗಿ ಆರೋಗ್ಯಶ್ರೀ 2010ರಲ್ಲಿ ಮೊದಲು ಕಲಬುರಗಿ ವಿಭಾಗಕ್ಕೆ, ಅನಂತರ ವಿಜಯಪುರವನ್ನೊಳಗೊಂಡ ಬೆಳಗಾವಿ ವಿಭಾಗಕ್ಕೆ ಬಂತು. ದಕ್ಷಿಣದ ವಿಭಾಗಗಳಿಗೆ ತಲುಪಿದ್ದು ಅದಾದ ಮೇಲೆ. ಉತ್ತರಕ್ಕೆ ಮೊದಲು ಬಂದ ಸವಲತ್ತುಗಳ ಪಟ್ಟಿ ಉದ್ದವಿಲ್ಲ, ಇದೊಂದು ಅದರಲ್ಲಿದೆ. ಈ ಮುಂಚು–ಹಿಂಚನ್ನೇ ಬಳಸಿಕೊಂಡು ಎರಡೂ ಕಡೆಯ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದಾಗುವ ಸಾವು, ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇಕಡಾ 64ರಷ್ಟು ಕಡಿಮೆ ಇತ್ತು. ಕಾರ್ಡು ನಡೆಯುವ ಬಾಗಿಲು ಯಾವುದು ಎಂಬ ಪ್ರಶ್ನೆ ಎಷ್ಟು ದೊಡ್ಡದು ಎಂಬುದಕ್ಕೆ ಈ ಅಂಕಿಯೊಂದೇ ಸಾಕು.

ಆರೋಗ್ಯಶ್ರೀಯನ್ನು ನಡೆಸಲು ಸ್ಥಾಪಿತವಾದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇಂದಿಗೂ ರಾಜ್ಯದಲ್ಲಿ ಯೋಜನೆಯ ಹೊಣೆ ಹೊತ್ತಿದೆ. 2018ರ ಮಾರ್ಚ್‌ನಲ್ಲಿ ಹಳೆಯ ಹಲವು ಯೋಜನೆಗಳನ್ನು ಒಂದುಗೂಡಿಸಿ ‘ಆರೋಗ್ಯ ಕರ್ನಾಟಕ’ ಬಂತು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಅದರೊಂದಿಗೆ ಕೂಡಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ. ಉಳಿದ ಶೇಕಡಾ 70 ಮನೆಯವರ ಹೊಣೆ.

ಖಾಸಗಿ ಆಸ್ಪತ್ರೆ ಈ ಜಾಲದೊಳಗೆ ಬರಬೇಕಾದರೆ ಸಾಮಾನ್ಯವಾಗಿ ಕನಿಷ್ಠ 10 ಒಳರೋಗಿ ಹಾಸಿಗೆಗಳು, ಹಗಲಿರುಳು ವೈದ್ಯರು ಮತ್ತು ಶುಶ್ರೂಷಕಿಯರು, ದಾಖಲೆಗಳ ವ್ಯವಸ್ಥೆ ಇರಬೇಕು. ಆನ್‌ಲೈನ್ ಅರ್ಜಿಯನ್ನು ಜಿಲ್ಲಾ ಸಮಿತಿ ಸ್ಥಳಕ್ಕೆ ಹೋಗಿ ಪರಿಶೀಲಿಸಿ ವರದಿ ನೀಡುತ್ತದೆ; ಅಂತಿಮ ತೀರ್ಮಾನ ರಾಜ್ಯ ಸಮಿತಿಯದು. ಒಳರೋಗಿ ಸೌಲಭ್ಯವಿರುವ ಸರ್ಕಾರಿ ಆಸ್ಪತ್ರೆಗಳು ತಾವಾಗಿಯೇ ಜಾಲದೊಳಗೆ ಇರುತ್ತವೆ. ಎಂದರೆ ನಾಲ್ಕೂ ಪಟ್ಟಣಗಳ ತಾಲೂಕು ಆಸ್ಪತ್ರೆಗಳು ಯೋಜನೆಯ ಬಾಗಿಲುಗಳೇ. ಪೇಟೆಯ ಎರಡು ಕೋಣೆಯ ದವಾಖಾನೆ, ಅಲ್ಲಿ ಕೂಡುವವರು ಎಷ್ಟೇ ಅನುಭವಿಯಾಗಿರಲಿ, ಆ ಬಾಗಿಲಾಗಲಾರದು. ಜ್ವರ, ಕೆಮ್ಮು, ಸಕ್ಕರೆ ಕಾಯಿಲೆಯ ತಪಾಸಣೆಯಂಥ ಹೊರರೋಗಿ ಚಿಕಿತ್ಸೆಗೆ ಖಾಸಗಿಯಲ್ಲಿ ಈ ಕಾರ್ಡಿನಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ.

ಜಾಲಕ್ಕೆ ಸೇರುವುದು ವಿಭಾಗವಾರು. ಎಲುಬು–ಕೀಲು ವಿಭಾಗಕ್ಕೆ ಒಪ್ಪಿಗೆ ಪಡೆದ ಆಸ್ಪತ್ರೆ ಹೃದಯ ಶಸ್ತ್ರಚಿಕಿತ್ಸೆಗೆ ಬಿಲ್ ಹಾಕುವಂತಿಲ್ಲ. ವಿಭಾಗಕ್ಕೆ ಒಪ್ಪಿಗೆ ಸಿಗುವುದು ತಜ್ಞರಿದ್ದಾಗ. ರೋಗಿಯನ್ನು ಸೇರಿಸಿಕೊಂಡು ಪೂರ್ವಾನುಮತಿ ಕೇಳುವಾಗ ಚಿಕಿತ್ಸೆ ಮಾಡುವ ವೈದ್ಯರ ಹೆಸರು, ಪದವಿ, ನೋಂದಣಿ ಸಂಖ್ಯೆ ಮೂರನ್ನೂ ತುಂಬಬೇಕು. ಮೊದಲ ಸಂಖ್ಯೆ ಮೂರನೆಯದರೊಳಕ್ಕೆ ಬಂದು ಸೇರುವುದು ಇಲ್ಲಿಯೇ.

ಮಹಾನಗರದ ಆಸ್ಪತ್ರೆಗೆ ಇದು ತೊಡಕಲ್ಲ. ಒಬ್ಬ ತಜ್ಞ ಹೋದರೆ ಇನ್ನೊಬ್ಬರು ಇರುತ್ತಾರೆ. ತಾಲೂಕು ಪಟ್ಟಣದ ಮಾತು ಬೇರೆ. ಇಂಥ ಊರುಗಳಲ್ಲಿ ತಜ್ಞ ವೈದ್ಯರು ಜಿಲ್ಲಾ ಕೇಂದ್ರದಿಂದ ವಾರಕ್ಕೊಂದೆರಡು ದಿನ ಬಂದುಹೋಗುವ ರೂಢಿಯಿದೆ. ಅವರ ಸಂಖ್ಯೆಯ ಮೇಲೆ ವಿಭಾಗ ನಿಂತಿದ್ದರೆ, ಅವರು ಬರುವುದು ನಿಲ್ಲಿಸಿದ ದಿನ ಆ ವಿಭಾಗದ ಆಧಾರವೂ ಕಳಚುತ್ತದೆ. ಬದಲಾವಣೆಯನ್ನು ಆಸ್ಪತ್ರೆ ಯೋಜನೆಯ ಗಮನಕ್ಕೆ ತರಬೇಕು. ತಾರದೆ ಹೋದವರ ಸಂಖ್ಯೆಯಲ್ಲೇ ಕ್ಲೇಮು ಹಾಕಿದರೆ ಅದು ಬರಿಯ ನಿಯಮಭಂಗವಲ್ಲ, ವಂಚನೆ; ಒಪ್ಪಂದ ರದ್ದಾಗುವುದಲ್ಲದೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ವಂಚನೆ, ಫೋರ್ಜರಿ ಪ್ರಕರಣಗಳಿಗೂ ಎಡೆಯಾಗುತ್ತದೆ. ನಷ್ಟವನ್ನು ಮೊದಲು ಉಣ್ಣುವವರು ಮಾತ್ರ ರೋಗಿಗಳೇ. ಹೋದ ವರ್ಷ ನೆರೆಮನೆಯವರಿಗೆ ಅದೇ ಆಸ್ಪತ್ರೆಯಲ್ಲಿ ಉಚಿತವಾದ ಶಸ್ತ್ರಚಿಕಿತ್ಸೆ ಈ ವರ್ಷ ತಮಗೇಕೆ ಇಲ್ಲ ಎಂಬುದು ಅವರಿಗೆ ಅರ್ಥವಾಗುವುದಿಲ್ಲ.

ಸರ್ಕಾರಿ ವೈದ್ಯರ ಸಹಿಯ ಬೆಲೆ

ಬಡ ರೋಗಿಯ ಪಾಲಿಗೆ ಬಿಲ್ ಹಾಕುವ ತಜ್ಞರಿಗಿಂತ ಮುಖ್ಯರಾದವರು ತಾಲೂಕು ಆಸ್ಪತ್ರೆಯಲ್ಲಿ ರೆಫರಲ್ ಪತ್ರ ಕೊಡುವ ವೈದ್ಯರು. ಈ ಒಂದು ಅಂಶ ತಿಳಿಯದೆ ಕಷ್ಟಕ್ಕೆ ಸಿಕ್ಕವರೇ ಹೆಚ್ಚು.

2018ರ ವಿನ್ಯಾಸದಲ್ಲಿ 1,650 ಚಿಕಿತ್ಸೆಗಳನ್ನು ವರ್ಗಗಳಾಗಿ ವಿಂಗಡಿಸಲಾಯಿತು. ಪಟ್ಟಿ ಆಗಾಗ ಪರಿಷ್ಕರಣೆಗೆ ಒಳಪಡುತ್ತದೆ. ಸಾಮಾನ್ಯ ಹೆರಿಗೆಯಂಥ ಸರಳ ದ್ವಿತೀಯ ಹಂತದ ಚಿಕಿತ್ಸೆಗಳನ್ನು ಸರ್ಕಾರಿ ಆಸ್ಪತ್ರೆಗಳಿಗೇ ಮೀಸಲಿಡಲಾಯಿತು. ಸಂಕೀರ್ಣ ದ್ವಿತೀಯ ಹಾಗೂ ತೃತೀಯ ಹಂತದ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದಿದ್ದರೆ ಅಲ್ಲಿನ ವೈದ್ಯರು ರೆಫರಲ್ ಪತ್ರ ನೀಡುತ್ತಾರೆ. ಅದನ್ನು ಹಿಡಿದು ರೋಗಿ ತನಗೆ ಬೇಕಾದ ನೆಟ್‌ವರ್ಕ್ ಆಸ್ಪತ್ರೆಯನ್ನು ಆರಿಸಿಕೊಳ್ಳಬಹುದು. ಖಾಸಗಿ ವೈದ್ಯರು ಬರೆದುಕೊಟ್ಟ ಚೀಟಿಗೆ ಈ ಬೆಲೆ ಇಲ್ಲ. ಅದು ಎಷ್ಟು ದೊಡ್ಡ ತಜ್ಞರ ಚೀಟಿಯೇ ಆಗಿರಲಿ.

ತುರ್ತು ಚಿಕಿತ್ಸೆಗಳದು ಬೇರೆ ವರ್ಗ. 171 ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಕಿಲ್ಲ. ಹೃದಯಾಘಾತ, ಅಪಘಾತದ ಗಂಭೀರ ಗಾಯ, ಸುಟ್ಟ ಗಾಯದಂಥ ಸಂದರ್ಭದಲ್ಲಿ ನೇರವಾಗಿ ನೆಟ್‌ವರ್ಕ್ ಆಸ್ಪತ್ರೆಗೆ ಹೋಗಬಹುದು. ಆಗಲೂ ಅದು ನೆಟ್‌ವರ್ಕ್ ಆಸ್ಪತ್ರೆಯೇ ಆಗಿರಬೇಕು, ಆ ವಿಭಾಗಕ್ಕೆ ಒಪ್ಪಿಗೆ ಪಡೆದಿರಬೇಕು.

ಕಾಗದದ ಮೇಲೆ ಈ ಕ್ರಮ ಸುಸಂಗತ. ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಕೆಲಸಕ್ಕೆ ಸರ್ಕಾರವೇ ಖಾಸಗಿಗೆ ಏಕೆ ಹಣ ಕೊಡಬೇಕು ಎಂಬ ವಾದಕ್ಕೆ ಎದುರು ಹೇಳುವುದು ಕಷ್ಟ. ನೆಲದ ಮೇಲೆ ಮಾತ್ರ ದೂರದ ಲೆಕ್ಕವಿದೆ. ಇಂಡಿ, ಸಿಂದಗಿಗಳಿಂದ ವಿಜಯಪುರ ಐವತ್ತು–ಅರವತ್ತು ಕಿಲೋಮೀಟರ್. ಬಸವನ ಬಾಗೇವಾಡಿಯಿಂದ ಅದಕ್ಕಿಂತ ಕಡಿಮೆ, ಮುದ್ದೇಬಿಹಾಳದಿಂದ ಹೆಚ್ಚು. ಜಿಲ್ಲಾ ಆಸ್ಪತ್ರೆಯೂ ಎರಡು ಖಾಸಗಿ ವೈದ್ಯಕೀಯ ಕಾಲೇಜುಗಳೂ ಇರುವುದು ವಿಜಯಪುರದಲ್ಲಿ. ಮನೆಯವರು ಗಾಬರಿಯಿಂದ ಗಾಡಿ ಹತ್ತಿ ನೇರವಾಗಿ ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಗೆ ಹೋಗಿ, ಅದು ತುರ್ತು ಪಟ್ಟಿಯಲ್ಲಿಲ್ಲದ ಕಾಯಿಲೆ ಎಂದು ಗೊತ್ತಾದಾಗ, ರೆಫರಲ್ ಪತ್ರಕ್ಕಾಗಿ ಮತ್ತೆ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಹೋಗಬೇಕಾಗುತ್ತದೆ. ಹೊರಡುವ ಮುನ್ನ ತಾಲೂಕು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಂಡು ಕೇಳಿದರೆ ಈ ಅಲೆದಾಟ ತಪ್ಪುತ್ತದೆ. ನೆಟ್‌ವರ್ಕ್ ಆಸ್ಪತ್ರೆಗಳಲ್ಲೂ ಆರೋಗ್ಯ ಮಿತ್ರರು ಇರುತ್ತಾರೆ. ಕಾರ್ಡು ನಡೆಯುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳಬೇಕಾದುದು ಅವರನ್ನು, ಕ್ಯಾಷ್ ಕೌಂಟರನ್ನಲ್ಲ.

ಗೊಂದಲ ಹುಟ್ಟಿಸುವ ಇತರ ಸಂಖ್ಯೆಗಳು

2021ರ ಸೆಪ್ಟೆಂಬರ್‌ನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರಂಭವಾದ ಮೇಲೆ ಹೊಸ ಗೊಂದಲ ಸೇರಿಕೊಂಡಿತು. ಅದರಡಿ ನಾಗರಿಕರಿಗೆ ‘ಆಭಾ’ ಎಂಬ 14 ಅಂಕಿಗಳ ಸಂಖ್ಯೆ, ವೈದ್ಯರು–ಶುಶ್ರೂಷಕಿಯರಿಗೆ ಆರೋಗ್ಯ ವೃತ್ತಿಪರರ ದಫ್ತರದ ಸಂಖ್ಯೆ, ಆಸ್ಪತ್ರೆಗಳಿಗೆ ಆರೋಗ್ಯ ಸಂಸ್ಥೆಗಳ ದಫ್ತರದ ಸಂಖ್ಯೆ ದೊರೆಯುತ್ತದೆ. ಹೆಸರಿನಲ್ಲಿ ‘ಆಯುಷ್ಮಾನ್’ ಇರುವುದರಿಂದ ಆಭಾ ಕಾರ್ಡನ್ನೇ ವಿಮಾ ಕಾರ್ಡೆಂದು ತಿಳಿದವರು ಬಹಳ. ಆಭಾ ವೈದ್ಯಕೀಯ ದಾಖಲೆಗಳನ್ನು ಜೋಡಿಸುವ ಸಂಖ್ಯೆ, ಶ್ರೀಮಂತರೂ ಪಡೆಯಬಹುದು. ಅದರಿಂದ ಚಿಕಿತ್ಸೆಯ ಹಣ ಬರುವುದಿಲ್ಲ. ವೈದ್ಯರ ಡಿಜಿಟಲ್ ಸಂಖ್ಯೆಯೂ ಪರಿಷತ್ತಿನ ನೋಂದಣಿಯ ಮೇಲೆ ಕಟ್ಟಿದ ಗುರುತು, ಬಿಲ್ ಹಾಕುವ ಪರವಾನಗಿಯಲ್ಲ.

ಫಲಾನುಭವಿಗಳ ಕಡೆಯ ಸಂಖ್ಯೆಗಳೂ ಗೊಂದಲದಿಂದ ಮುಕ್ತವಾಗಿಲ್ಲ. 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ, ದೇಶದಲ್ಲಿ ಸುಮಾರು 7.5 ಲಕ್ಷ ಫಲಾನುಭವಿಗಳು ಒಂದೇ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿದ್ದುದನ್ನು ಬಯಲಿಗೆಳೆಯಿತು. ಆ ಸಂಖ್ಯೆಯಲ್ಲಿದ್ದುದು ಹತ್ತು ಒಂಬತ್ತುಗಳು. ಅದು ಯಾರ ಫೋನೂ ಅಲ್ಲ, ಕಾಲಂ ತುಂಬಬೇಕೆಂದು ಒತ್ತಿದ ಕೀಲಿ.

ಹಣ ಕೇಳಿದರೆ

ಆಯುಷ್ಮಾನ್ ಭಾರತ್ ಯೋಜನೆಗೆ ಸಂಸತ್ತಿನ ಪ್ರತ್ಯೇಕ ಅಧಿನಿಯಮವಿಲ್ಲ. ಅದು ಸರ್ಕಾರದ ಆದೇಶ, ಮಾರ್ಗಸೂಚಿ ಮತ್ತು ಆಸ್ಪತ್ರೆಯೊಂದಿಗಿನ ಒಪ್ಪಂದಗಳ ಮೇಲೆ ನಡೆಯುತ್ತದೆ. ಆದಕಾರಣ ಆಸ್ಪತ್ರೆ ತಪ್ಪಿದಾಗ ಮೊದಲ ಕ್ರಮ ಒಪ್ಪಂದದಂತೆ: ನೋಟಿಸು, ದಂಡ, ಅಮಾನತು, ಜಾಲದಿಂದ ಹೊರಹಾಕುವಿಕೆ. ಪ್ಯಾಕೇಜ್ ದರದಲ್ಲಿ ವೈದ್ಯರ ಶುಲ್ಕ, ಔಷಧ, ಪರೀಕ್ಷೆ, ಹಾಸಿಗೆ ಎಲ್ಲವೂ ಸೇರಿರುತ್ತವೆ. ಕೇಂದ್ರದ ಮಾರ್ಗಸೂಚಿಯಂತೆ ದಾಖಲಾಗುವ ಮುಂಚಿನ 3 ದಿನ ಹಾಗೂ ಬಿಡುಗಡೆಯ ಬಳಿಕ 15 ದಿನಗಳ ವೆಚ್ಚವೂ ಸೇರುತ್ತದೆ. ಬಿಪಿಎಲ್ ರೋಗಿಯಿಂದ ‘ಡಾಕ್ಟರ ಫೀ ಬೇರೆ’ ಎಂದು ಪಡೆಯುವುದು ಅಕ್ರಮ. ಮೊದಲ ಬಾರಿ ಸಿಕ್ಕಿಬಿದ್ದರೆ ಪಡೆದ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಿ, ಅದರ ಮೂರು ಪಟ್ಟಿನವರೆಗೆ ದಂಡ ತೆರಬೇಕಾಗುತ್ತದೆ. ಎಪಿಎಲ್ ಕುಟುಂಬದಿಂದ ತನ್ನ ಪಾಲಿನ ಶೇಕಡಾ 70ನ್ನು ಪಡೆಯುವುದು ಮಾತ್ರ ನ್ಯಾಯಸಮ್ಮತ. ಈ ಎರಡನ್ನೂ ಬೆರೆಸಿ ದೂರು ಕೊಟ್ಟರೆ ದೂರು ನಿಲ್ಲುವುದಿಲ್ಲ.

ಟ್ರಸ್ಟ್‌ನ ಉಚಿತ ಸಹಾಯವಾಣಿ 1800 425 8330, ಕೇಂದ್ರದ ಸಹಾಯವಾಣಿ 14555. ಬಾಯಿಮಾತಿನ ದೂರಿಗಿಂತ ಬರಹದ ದೂರಿಗೆ ತೂಕ ಹೆಚ್ಚು. ಜಿಲ್ಲಾ ಮಟ್ಟದ ಕುಂದುಕೊರತೆ ಸಮಿತಿಯ ಮೇಲೆ ರಾಜ್ಯ ಸಮಿತಿ ಇದೆ. ದೂರು ನಿಲ್ಲಬೇಕಾದರೆ ರಸೀದಿ ಬೇಕು. ರಸೀದಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆಯಿದ್ದರೆ ಇನ್ನೂ ಒಳಿತು. 2002ರ ಆ ಚಿಕ್ಕ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ದರಪಟ್ಟಿಗೆ ಮೀರಿ ಹಣ ಕೇಳಿದ ದೂರು ಕೆಪಿಎಂಇ ಪ್ರಾಧಿಕಾರಕ್ಕೆ, ವೈದ್ಯರ ವೃತ್ತಿ ನಡತೆಯ ದೂರು ವೈದ್ಯಕೀಯ ಪರಿಷತ್ತಿಗೆ ಹೋಗುತ್ತದೆ. ವಿಮಾ ಕಂಪನಿ ರೋಗಿಯ ಪರವಾಗಿ ಹಣ ಕೊಟ್ಟಿದ್ದರೂ ಅದು ಗ್ರಾಹಕ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿರುವುದರಿಂದ, ಖಾಸಗಿ ವಿಮೆ ಹೊಂದಿದವರಿಗೆ ಗ್ರಾಹಕ ಆಯೋಗದ ದಾರಿಯೂ ಇದೆ.

ಸಂಖ್ಯೆಯೇ ಲಗಾಮಾದಾಗ

ವೈದ್ಯರಿಗೇ ಬಿಲ್ ಸಂಖ್ಯೆ ಕೊಡುವ ದೇಶಗಳಿವೆ. ಆಸ್ಟ್ರೇಲಿಯಾದಲ್ಲಿ 1973ರ ಆರೋಗ್ಯ ವಿಮಾ ಅಧಿನಿಯಮದಡಿ ವೈದ್ಯರಿಗೆ ‘ಪ್ರೊವೈಡರ್ ನಂಬರ್’ ದೊರೆಯುತ್ತದೆ. ಅದು ವೈದ್ಯರಿಗೂ ಅವರು ಕೂಡುವ ಜಾಗಕ್ಕೂ ಒಟ್ಟಾಗಿ ಅಂಟಿದ ಸಂಖ್ಯೆ. ಎರಡು ಊರುಗಳ ದವಾಖಾನೆಗಳಲ್ಲಿ ಕೂಡುವವರಿಗೆ ಎರಡು ಸಂಖ್ಯೆಗಳು ಬೇಕು. ಇದನ್ನೇ ಅಲ್ಲಿನ ಸರ್ಕಾರ ಲಗಾಮಾಗಿ ಬಳಸುತ್ತದೆ. ಹೊರದೇಶದಲ್ಲಿ ವೈದ್ಯ ಪದವಿ ಪಡೆದವರು ಸಾಮಾನ್ಯವಾಗಿ ಹತ್ತು ವರ್ಷಗಳ ಕಾಲ ವೈದ್ಯರ ಕೊರತೆಯಿರುವ ಪ್ರದೇಶಗಳಲ್ಲಿ ಮಾತ್ರ ಸರ್ಕಾರಿ ವಿಮೆಗೆ ಬಿಲ್ ಹಾಕಬಹುದು. ಭಾರತದಿಂದ ಹೋದ ವೈದ್ಯರು ಸಿಡ್ನಿಯ ಬದಲು ಒಳನಾಡಿನ ಊರುಗಳಲ್ಲಿ ಬೇರೂರಿರುವುದಕ್ಕೆ ಈ ನಿಯಮವೂ ಒಂದು ಕಾರಣ. ಭಾರತದಲ್ಲಿ ಇದಕ್ಕೆ ಹತ್ತಿರದ್ದು 1948ರ ಕಾರ್ಮಿಕರ ರಾಜ್ಯ ವಿಮಾ ಅಧಿನಿಯಮದಡಿ ಮುಂಬೈ, ಕೋಲ್ಕತ್ತದಂಥ ಕಡೆ ಬಂದ ಪ್ಯಾನೆಲ್ ವೈದ್ಯರ ಪದ್ಧತಿ. ಅಲ್ಲಿ ವಿಮಾದಾರ ಕಾರ್ಮಿಕರ ತಲೆಯೆಣಿಕೆಯಂತೆ ಖಾಸಗಿ ವೈದ್ಯರಿಗೇ ಹಣ ಸಲ್ಲುತ್ತಿತ್ತು.

ಆರೋಗ್ಯ ಕರ್ನಾಟಕದಲ್ಲಿ ವೈದ್ಯರಿಗೆ ಬಿಲ್ ಸಂಖ್ಯೆಯೇ ಇಲ್ಲವಾದ್ದರಿಂದ ಆ ಲಗಾಮು ರಾಜ್ಯದ ಕೈಯಲ್ಲಿಲ್ಲ. ರಾಜ್ಯ ಹಿಡಿದದ್ದು ಮೊದಲ ಸಂಖ್ಯೆಯನ್ನೇ. ವೈದ್ಯಕೀಯ ಶಿಕ್ಷಣ ಮುಗಿಸಿದವರ ಕಡ್ಡಾಯ ಸೇವಾ ಅಧಿನಿಯಮ, 2012, ರಾಷ್ಟ್ರಪತಿಗಳ ಅಂಕಿತ ಪಡೆದು 2015ರಲ್ಲಿ ಜಾರಿಗೆ ಬಂತು. ಎಂಬಿಬಿಎಸ್ ಮುಗಿಸಿದವರು ಗ್ರಾಮೀಣ ಭಾಗದ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷ ಸೇವೆ ಸಲ್ಲಿಸಿದ ಮೇಲೆಯೇ ಕಾಯಂ ನೋಂದಣಿ ಎಂಬುದು ಅದರ ತಿರುಳು. ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲೇರಿದರು; 2019ರಲ್ಲಿ ಹೈಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಅನಂತರದ ತಿದ್ದುಪಡಿ, ಖಾಲಿ ಹುದ್ದೆಗಳಿರುವಷ್ಟು ಮಂದಿಗೆ ಮಾತ್ರ ಈ ಸೇವೆಯನ್ನು ಸೀಮಿತಗೊಳಿಸಿತು. ಪದವೀಧರರ ಸಂಖ್ಯೆ ಹುದ್ದೆಗಳಿಗಿಂತ ಹೆಚ್ಚಾಗಿ, ನೋಂದಣಿಗಾಗಿ ಕಾಯುವವರ ಸಾಲು ಬೆಳೆದಿತ್ತು. ಒಂದು ವರ್ಷದ ಎಂಬಿಬಿಎಸ್ ವೈದ್ಯರಿಂದ ತಾಲೂಕು ಆಸ್ಪತ್ರೆಯ ಹೊರರೋಗಿ ವಿಭಾಗ ನಡೆಯಬಹುದು. ಅರಿವಳಿಕೆ ತಜ್ಞರು, ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು ಕಾಯಂ ಆಗಿ ನೆಲೆಸಲು ನೋಂದಣಿಯ ಲಗಾಮು ಸಾಲದು. ಸರ್ಕಾರಿ ಆಸ್ಪತ್ರೆಗೇ ಮೀಸಲಾದ ಚಿಕಿತ್ಸೆಗಳ ಪಟ್ಟಿ ಅರ್ಥಪೂರ್ಣವಾಗಬೇಕಾದರೆ ಬೇಕಾದವರು ಇವರೇ.

ಗಡಿ ದಾಟಿದರೆ

ಇಂಡಿ, ಚಡಚಣ ಭಾಗದವರಿಗೆ ಸೊಲ್ಲಾಪುರದ ಆಸ್ಪತ್ರೆಗಳು ಹಳೆಯ ಪರಿಚಯ. ಆಯುಷ್ಮಾನ್ ಭಾರತ್ ನಿಯಮದಂತೆ ಅರ್ಹ ಫಲಾನುಭವಿ ದೇಶದ ಯಾವುದೇ ನೆಟ್‌ವರ್ಕ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. ಸ್ವಂತ ರಾಜ್ಯದ ಕ್ಲೇಮು 15 ದಿನಗಳಲ್ಲಿ, ಹೊರರಾಜ್ಯದ್ದು 30 ದಿನಗಳಲ್ಲಿ ಇತ್ಯರ್ಥವಾಗಬೇಕೆಂಬುದು ಮಾರ್ಗಸೂಚಿ. ಆದರೆ ಕರ್ನಾಟಕದ ಎಲ್ಲ ಬಿಪಿಎಲ್ ಕುಟುಂಬಗಳೂ ಕೇಂದ್ರದ 2011ರ ಸಾಮಾಜಿಕ–ಆರ್ಥಿಕ ಸಮೀಕ್ಷೆಯ ಪಟ್ಟಿಯಲ್ಲಿಲ್ಲ. ಹಲವು ಕುಟುಂಬಗಳನ್ನು ರಾಜ್ಯ ತನ್ನ ಖರ್ಚಿನಲ್ಲಿ ಸೇರಿಸಿಕೊಂಡಿದೆ. ಮಹಾರಾಷ್ಟ್ರಕ್ಕೂ ತನ್ನದೇ ಆದ ಮಹಾತ್ಮ ಫುಲೆ ಜನ ಆರೋಗ್ಯ ಯೋಜನೆಯಿದ್ದು, ಅಲ್ಲಿನ ಆಸ್ಪತ್ರೆಯ ಬಾಗಿಲಲ್ಲಿ ಕಾಣುವ ಯೋಜನೆಯ ಫಲಕ ಆ ರಾಜ್ಯದವರಿಗೆ ಮಾತ್ರ ಅನ್ವಯಿಸುವುದೂ ಇರಬಹುದು. ತಮ್ಮ ಕುಟುಂಬ ಯಾವ ಪಟ್ಟಿಯಲ್ಲಿದೆ, ಹೋಗಬೇಕೆಂದಿರುವ ಆಸ್ಪತ್ರೆ ಆ ವಿಭಾಗಕ್ಕೆ ಜಾಲದಲ್ಲಿದೆಯೇ ಎಂಬೆರಡನ್ನು ಇಂಡಿಯಲ್ಲಿಯೇ, ರೈಲು ಹತ್ತುವ ಮುನ್ನ, ಆರೋಗ್ಯ ಮಿತ್ರರಿಂದಲೋ 14555ರಿಂದಲೋ ಕೇಳಿ ತಿಳಿಯುವುದು ಸಾಧ್ಯವಿದೆ. ಕಾರ್ಡು, ಪಡಿತರ ಚೀಟಿ ಮತ್ತು ಆಧಾರ್ ಮೂರೂ ಕೈಯಲ್ಲಿರಬೇಕು. ಮೂರರಲ್ಲೂ ಹೆಸರಿನ ಅಕ್ಷರಗಳು ಒಂದೇ ಆಗಿವೆಯೇ ಎಂದು ಮನೆಯಲ್ಲಿಯೇ ನೋಡಿಕೊಂಡು ಹೊರಡಬೇಕು.